ಬಿಸಿಯಾದ ಮೇಲೆ ನಿಂತುಹೋಗುವ ಮಾರಿಸ್ ಮೈನರ್: ಕಾಯಿಲ್, ಕಂಡೆನ್ಸರ್ ಎಲ್ಲ ಬದಲಿಸಿದರೂ ದೋಷ ಹೋಗಿಲ್ಲ

ಪ್ರಶ್ನೆ

ನಮಸ್ಕಾರ. ನನ್ನ ಬಳಿ 1960ರ ಮಾರಿಸ್ ಮೈನರ್ 1000 ಇದೆ. 948 ಸಿಸಿ ಎಂಜಿನ್, ಪಾಯಿಂಟ್ (ಕಾಯಿಲಿನ ಕರೆಂಟನ್ನು ಹರಿಸಿ ಕಡಿಯುವ ಪುಟ್ಟ ಸ್ವಿಚ್ಚು) ಇರುವ ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕಿಡಿ ಹಂಚುವ ಭಾಗ), ಡೈನಮೊ, ಎಸ್‌ಯು ಕಾರ್ಬ್ಯುರೇಟರ್, ವಿದ್ಯುತ್ತಿನಿಂದ ನಡೆಯುವ ಎಸ್‌ಯು ಪೆಟ್ರೋಲ್ ಪಂಪು, ಇವೆಲ್ಲವೂ ಮೂಲದಲ್ಲಿದ್ದಂತೆಯೇ ಇವೆ. ಬ್ಯಾಟರಿಯ ಪಾಸಿಟಿವ್ ತುದಿಯನ್ನು ಬಾಡಿಗೆ ಜೋಡಿಸಿರುವ ಹಳೆಯ ಪದ್ಧತಿಯನ್ನೂ ನಾನು ಬದಲಿಸಿಲ್ಲ.

ನಾಲ್ಕು ತಿಂಗಳ ಹಿಂದೆ ಒಂದು ತೊಂದರೆ ಶುರುವಾಯಿತು. ಸಮತಟ್ಟಾದ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುತ್ತಿರುವಾಗ ಎಂಜಿನ್ ಒಂದು ಕ್ಷಣ ಸತ್ತು ಮತ್ತೆ ಹತ್ತಿಕೊಂಡಂತೆ ಕಾರು ಜಗ್ಗುತ್ತಿತ್ತು. ಏರು ಹತ್ತುವಾಗ ಆಕ್ಸಿಲರೇಟರನ್ನು ಪೂರ್ತಿ ಒತ್ತಿದರೆ ಜಗ್ಗುವುದಿಲ್ಲ. ನಿಂತಲ್ಲೇ ಐಡಲಿಂಗ್‌ನಲ್ಲಿ ಬಿಟ್ಟರೂ ಗಡಿಯಾರದಂತೆ ನಡೆಯುತ್ತದೆ. ನಾನು ಮೊದಲು ಪ್ಲಗ್‌ಗಳನ್ನು, ಆಮೇಲೆ ಅವುಗಳ ತಂತಿಗಳನ್ನು, ಅನಂತರ ಪಾಯಿಂಟ್, ಕಂಡೆನ್ಸರ್, ರೋಟರ್‌ಗಳನ್ನು, ಕೊನೆಗೆ ಐದು ವಾರಗಳ ಹಿಂದೆ, ಕಿಡಿಗೆ ಬೇಕಾದ ಹೆಚ್ಚು ವೋಲ್ಟೇಜ್ ಹುಟ್ಟಿಸುವ ಕಾಯಿಲನ್ನೂ ಹೊಸದಾಗಿ ಹಾಕಿದೆ. ಜಗ್ಗುವುದು ನಿಲ್ಲಲಿಲ್ಲ. ಅದರ ಮೇಲೆ ಈಗ ಇನ್ನೊಂದು ತೊಂದರೆ ಸೇರಿಕೊಂಡಿದೆ: ಇಪ್ಪತ್ತು ಇಪ್ಪತ್ತೈದು ನಿಮಿಷ ಓಡಿದ ಮೇಲೆ ಮಿಸ್ಸಿಂಗ್ (ಎಂಜಿನ್ ತಡವರಿಸುವುದು) ಶುರುವಾಗಿ ಎಂಜಿನ್ ನಿಂತೇ ಹೋಗುತ್ತದೆ. ಸ್ಟಾರ್ಟರ್ ಚೆನ್ನಾಗಿಯೇ ತಿರುಗಿಸುತ್ತದೆ, ಆದರೆ ಎಂಜಿನ್ ಹತ್ತುವುದಿಲ್ಲ. ಅರ್ಧ ಗಂಟೆ ಬಾನೆಟ್ ತೆರೆದಿಟ್ಟು ಕಾದರೆ ಏನೂ ಆಗಿಲ್ಲವೆಂಬಂತೆ ಮೊದಲ ಸುತ್ತಿಗೇ ಸ್ಟಾರ್ಟ್ ಆಗುತ್ತದೆ.

ಕಾಯಿಲ್‌ಗೆ ಬರುವ ತಂತಿಯನ್ನು ಕಳಚಿ ಮಲ್ಟಿಮೀಟರ್‌ನಲ್ಲಿ ನೋಡಿದರೆ 12 ವೋಲ್ಟ್‌ಗಿಂತ ಹೆಚ್ಚೇ ತೋರಿಸುತ್ತದೆ, ಆದ್ದರಿಂದ ವೈರಿಂಗ್ ಸರಿಯಾಗಿದೆ ಎಂದುಕೊಂಡಿದ್ದೇನೆ. ಇದು ಪೆಟ್ರೋಲ್ ಪೈಪಿನಲ್ಲಿ ಆವಿ ತುಂಬಿಕೊಳ್ಳುವ ತೊಂದರೆ ಎಂದು ಒಬ್ಬರು ಹೇಳಿದರು. ನಂಬಬಹುದೇ? ಇದಕ್ಕೆ ಸಂಬಂಧವಿದೆಯೋ ಇಲ್ಲವೋ, ಡ್ಯಾಶ್‌ಬೋರ್ಡಿನ ಕೆಂಪು ಇಗ್ನಿಷನ್ ದೀಪ ಇತ್ತೀಚೆಗೆ ಪೂರ್ತಿ ಆರುತ್ತಿಲ್ಲ. ರಾತ್ರಿ ಕತ್ತಲಲ್ಲಿ ನೋಡಿದರೆ ಮಾತ್ರ ಕಾಣುವಷ್ಟು ಮಂಕಾಗಿ ಉರಿಯುತ್ತಿರುತ್ತದೆ, ವೈಪರ್ ಹಾಕಿದರೆ ಇನ್ನೊಂದಿಷ್ಟು ಕೆಂಪಾಗುತ್ತದೆ.

ಮೊದಲ ಉತ್ತರ

ಪೆಟ್ರೋಲೋ ಕಿಡಿಯೋ ಎಂಬುದನ್ನು ಊಹೆಯಿಂದ ತೀರ್ಮಾನಿಸಬೇಡಿ. ಅದನ್ನು ತಿಳಿಯಲು ಎಂಜಿನ್ ನಿಂತುಹೋದ ಮೊದಲ ಎರಡು ನಿಮಿಷಗಳು ಸಾಕು. ಹೆಚ್ಚಿನವರು ಆ ಹೊತ್ತನ್ನು ಕಾರು ತಣ್ಣಗಾಗಲೆಂದು ಕಾಯುತ್ತ ಕಳೆದುಬಿಡುತ್ತಾರೆ, ತಣ್ಣಗಾದ ಮೇಲೆ ಪರೀಕ್ಷಿಸಿದರೆ ಎಲ್ಲವೂ ಸರಿಯಾಗಿರುತ್ತದೆ.

ಒಂದು ಹೆಚ್ಚುವರಿ ಪ್ಲಗ್ ಕಾರಿನಲ್ಲಿಟ್ಟುಕೊಳ್ಳಿ. ಎಂಜಿನ್ ನಿಂತ ಕೂಡಲೇ ಒಂದು ಸಿಲಿಂಡರಿನ ಪ್ಲಗ್ ತಂತಿಯನ್ನು ಕಳಚಿ ಅದಕ್ಕೆ ಈ ಪ್ಲಗ್ ಸಿಕ್ಕಿಸಿ, ಪ್ಲಗ್ಗಿನ ಲೋಹದ ಭಾಗ ಎಂಜಿನ್ನಿಗೆ ಗಟ್ಟಿಯಾಗಿ ತಾಗುವಂತೆ ಇಡಿ. ಅದನ್ನು ಕಾರ್ಬ್ಯುರೇಟರ್‌ನಿಂದ ದೂರವೇ ಇಡಬೇಕು, ಕೈಯಲ್ಲಂತೂ ಹಿಡಿಯಲೇಬಾರದು. ಇನ್ನೊಬ್ಬರು ಸ್ಟಾರ್ಟರ್ ತಿರುಗಿಸಿದಾಗ ನೀಲಿ ಛಾಯೆಯ ಕಿಡಿ ಚಟಪಟ ಸದ್ದು ಮಾಡುತ್ತ ಹಾರಿದರೆ ಇಗ್ನಿಷನ್ ಬದುಕಿದೆ ಎಂದರ್ಥ. ತೆಳುವಾದ ಹಳದಿ ಕಿಡಿ ಬಂದರೆ, ಅಥವಾ ಏನೂ ಬಾರದಿದ್ದರೆ, ಪೆಟ್ರೋಲಿನ ಕಡೆ ನೋಡುವ ಅಗತ್ಯವೇ ಇಲ್ಲ.

ಪೆಟ್ರೋಲಿನ ಬಗ್ಗೆ ನಿಮ್ಮ ಪಂಪೇ ಸಾಕ್ಷಿ ಹೇಳುತ್ತದೆ. ಕೀಲಿ ತಿರುಗಿಸಿದಾಗ ಎಸ್‌ಯು ಪಂಪು ಟಿಕ್ ಟಿಕ್ ಎಂದು ಒಂದಷ್ಟು ಸಲ ಬಡಿದು, ಕಾರ್ಬ್ಯುರೇಟರಿನ ಬಟ್ಟಲು ತುಂಬಿದ ಮೇಲೆ ಸುಮ್ಮನಾಗಬೇಕು. ನಿಲ್ಲದೆ ವೇಗವಾಗಿ ಬಡಿಯುತ್ತಲೇ ಇದ್ದರೆ ಅದು ಗಾಳಿಯನ್ನೋ ಆವಿಯನ್ನೋ ತಳ್ಳುತ್ತಿದೆ. ಬಟ್ಟಲು ಖಾಲಿಯಿದ್ದರೂ ಬಡಿಯದಿದ್ದರೆ ಪಂಪಿನೊಳಗಿನ ಪಾಯಿಂಟ್ ಅಂಟಿಕೊಂಡಿರಬಹುದು, ಇಲ್ಲವೇ ಅದಕ್ಕೆ ಕರೆಂಟ್ ಹೋಗುತ್ತಿಲ್ಲ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಪೈಪನ್ನು ಮಾತ್ರ ಬಿಚ್ಚಬೇಡಿ. ಪಂಪಿನ ಸದ್ದು ಕೇಳಿದರೆ ಆ ಅಪಾಯದ ಅಗತ್ಯ ಬೀಳುವುದಿಲ್ಲ.

ಎರಡನೆಯ ಉತ್ತರ

ಕಿಡಿಯ ಪರೀಕ್ಷೆಯನ್ನು ಮಾಡಲೇಬೇಕು, ಆದರೆ ನಿಮ್ಮ ಬರಹದಲ್ಲಿ ಅದಕ್ಕಿಂತ ಮೊದಲೇ ನನ್ನನ್ನು ತಡೆದು ನಿಲ್ಲಿಸಿದ ಎರಡು ಮಾತುಗಳಿವೆ.

ಮೊದಲನೆಯದು, ತಂತಿ ಕಳಚಿ ನೋಡಿದಾಗ 12 ವೋಲ್ಟ್ ಇತ್ತೆಂಬ ಮಾತು. ಕಳಚಿದ ತಂತಿಯಲ್ಲಿ ಕರೆಂಟ್ ಹರಿಯುವುದೇ ಇಲ್ಲ. ಕರೆಂಟ್ ಹರಿಯದ ದಾರಿಯಲ್ಲಿ ಎಷ್ಟೇ ತುಕ್ಕು, ಎಷ್ಟೇ ಸಡಿಲ ಜೋಡಣೆ ಇದ್ದರೂ ವೋಲ್ಟೇಜ್ ಬೀಳುವುದಿಲ್ಲ, ಒಂದೇ ಒಂದು ಎಳೆಯ ಮೇಲೆ ನಿಂತಿರುವ ತಂತಿಯೂ ಮೀಟರಿಗೆ ಪೂರ್ತಿ 12 ವೋಲ್ಟ್ ತೋರಿಸುತ್ತದೆ. ಕಾಯಿಲ್ ಕೆಲಸ ಮಾಡುವಾಗ ಸುಮಾರು 4 ಆಂಪಿಯರ್ ಎಳೆಯುತ್ತದೆ. ಆ 4 ಆಂಪಿಯರ್ ಹರಿಯುತ್ತಿರುವಾಗ ಎಷ್ಟು ವೋಲ್ಟ್ ಉಳಿದಿದೆ ಎಂಬುದೇ ನಮಗೆ ಬೇಕಾದ ಲೆಕ್ಕ. ದಾರಿಯಲ್ಲಿ ಅರ್ಧ ಓಮ್ ಹೆಚ್ಚುವರಿ ರೋಧ ಸೇರಿಕೊಂಡರೂ ಒಂದೂವರೆ ವೋಲ್ಟಿಗಿಂತ ಹೆಚ್ಚು ಅಲ್ಲೇ ಕಳೆದುಹೋಗುತ್ತದೆ. ಆದ್ದರಿಂದ ಎಲ್ಲ ತಂತಿಗಳನ್ನೂ ಅವುಗಳ ಜಾಗದಲ್ಲೇ ಬಿಟ್ಟು, ಪಾಯಿಂಟ್ ಮುಚ್ಚಿರುವಂತೆ ಎಂಜಿನ್ ತಿರುಗಿಸಿ ನಿಲ್ಲಿಸಿ, ಕೀಲಿ ಆನ್ ಮಾಡಿ ಅಳೆಯಬೇಕು. ಆ ಸ್ಥಿತಿಯಲ್ಲಿ ಕಾಯಿಲ್ ಸುಮ್ಮನೆ ಬಿಸಿಯಾಗುತ್ತದೆಯಾದ್ದರಿಂದ ಒಂದೊಂದು ಅಳತೆಗೂ ಅರ್ಧ ನಿಮಿಷಕ್ಕಿಂತ ಹೆಚ್ಚು ತೆಗೆದುಕೊಳ್ಳದೆ ನಡುವೆ ಕೀಲಿ ಆಫ್ ಮಾಡುತ್ತಿರಿ. ನಿಮ್ಮದು ಪಾಸಿಟಿವ್ ಅರ್ತ್ ಕಾರು, ಅಂದರೆ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಸೇರಿದೆ, ಹಾಗಾಗಿ ಮೀಟರಿನ ಕೆಂಪು ಕಡ್ಡಿ ಬಾಡಿಗೆ, ಕಪ್ಪು ಕಡ್ಡಿ ತಂತಿಯ ಕಡೆಗೆ.

ಬ್ಯಾಟರಿಯ ಎರಡು ತುದಿಗಳ ನಡುವಿನ ವೋಲ್ಟೇಜನ್ನು ಮೊದಲು ಬರೆದುಕೊಳ್ಳಿ. ಆಮೇಲೆ ಕಾಯಿಲಿನ ಎಸ್‌ಡಬ್ಲ್ಯೂ ತುದಿ, ಅಂದರೆ ಸ್ವಿಚ್ಚಿನಿಂದ ಬಿಳಿ ತಂತಿ ಬಂದು ಸೇರುವ ತುದಿ. ಇದು ಬ್ಯಾಟರಿಗಿಂತ ಅರ್ಧ ವೋಲ್ಟಿಗಿಂತ ಹೆಚ್ಚು ಕಡಿಮೆಯಿರಬಾರದು. ನಂತರ ಸಿಬಿ ತುದಿ, ಅಂದರೆ ಕಪ್ಪು ಗೆರೆಯ ಬಿಳಿ ತಂತಿ ಡಿಸ್ಟ್ರಿಬ್ಯೂಟರಿಗೆ ಹೊರಡುವ ಜಾಗ. ಪಾಯಿಂಟ್ ಮುಚ್ಚಿರುವಾಗ ಅಲ್ಲಿ 0.1 ಅಥವಾ 0.2 ವೋಲ್ಟ್ ಮಾತ್ರ ಕಾಣಬೇಕು. ಹೆಚ್ಚು ಕಂಡರೆ ಪಾಯಿಂಟಿನ ಮೈ ಕೆಟ್ಟಿದೆ, ಇಲ್ಲವೇ ಡಿಸ್ಟ್ರಿಬ್ಯೂಟರಿನೊಳಗಿನ ತಂತಿಯಲ್ಲೋ ಅರ್ತ್‌ನಲ್ಲೋ ತೊಡಕಿದೆ.

ಎರಡನೆಯದು, ನೀವು ಹೇಳಿದ ಮೂಲ ದೋಷದ ನಡವಳಿಕೆ. ಒಂದೇ ವೇಗದಲ್ಲಿ ಹಗುರವಾಗಿ ಒತ್ತಿದಾಗ ಮಾತ್ರ ಜಗ್ಗುವುದು, ಪೂರ್ತಿ ಒತ್ತಿದರೂ ಇಲ್ಲ, ಐಡಲಿಂಗ್‌ನಲ್ಲೂ ಇಲ್ಲ. ಕಾಯಿಲ್ ಕೆಟ್ಟರೆ ಪೂರ್ತಿ ಒತ್ತಿದಾಗಲೇ ಮೊದಲು ಸೋಲುತ್ತದೆ, ಏಕೆಂದರೆ ಸಿಲಿಂಡರಿನಲ್ಲಿ ಒತ್ತಡ ಹೆಚ್ಚಾದಷ್ಟೂ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಹಗುರ ಒತ್ತಿನಲ್ಲಿ ಮಾತ್ರ ನಡೆಯುವ ಒಂದು ಸಂಗತಿ ಈ ಡಿಸ್ಟ್ರಿಬ್ಯೂಟರಿನಲ್ಲಿದೆ: ಕಾರ್ಬ್ಯುರೇಟರಿನಿಂದ ಬರುವ ಸಣ್ಣ ಕೊಳವೆಯ ಮೂಲಕ ನಿರ್ವಾತವು ವ್ಯಾಕ್ಯೂಮ್ ಡಬ್ಬಿಯನ್ನು ಎಳೆದಾಗ, ಪಾಯಿಂಟ್ ಕುಳಿತಿರುವ ತಟ್ಟೆ ಒಂದಿಷ್ಟು ತಿರುಗಿ ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಮುಂದಕ್ಕೆ ಹೋಗುತ್ತದೆ. ಐಡಲಿಂಗ್‌ನಲ್ಲಿ ಆ ರಂಧ್ರ ಥ್ರಾಟಲ್ ತಟ್ಟೆಯ ಹಿಂದೆ ಮುಚ್ಚಿಹೋಗಿರುತ್ತದೆ, ಪೂರ್ತಿ ಒತ್ತಿದಾಗ ನಿರ್ವಾತವೇ ಇರುವುದಿಲ್ಲ. ನಡುವಿನ ಸ್ಥಿತಿಯಲ್ಲಿ ಮಾತ್ರ ತಟ್ಟೆ ಚಲಿಸುತ್ತದೆ, ಅದರೊಂದಿಗೆ ಹೊರಗಿನ ತುದಿಯಿಂದ ಪಾಯಿಂಟಿಗೆ ಹೋಗುವ ಗೇಣಿಗಿಂತ ಚಿಕ್ಕ ತಂತಿಯೂ, ತಟ್ಟೆಯನ್ನು ಡಿಸ್ಟ್ರಿಬ್ಯೂಟರಿನ ಮೈಗೆ ಜೋಡಿಸುವ ಅರ್ತ್ ತಂತಿಯೂ ಬಾಗುತ್ತವೆ. ವರ್ಷಾನುಗಟ್ಟಲೆ ಬಾಗಿ ಬಾಗಿ ಒಳಗಿನ ಎಳೆಗಳು ತುಂಡಾದರೂ ಹೊರಗಿನ ಹೊದಿಕೆ ನೆಟ್ಟಗೇ ಕಾಣುತ್ತದೆ. ನೀವು ಬದಲಿಸಿದ ಸಾಮಾನಿನ ಪಟ್ಟಿಯಲ್ಲಿ ಈ ಎರಡು ತಂತಿಗಳು ಇಲ್ಲ.

ಪರೀಕ್ಷೆ ಸುಲಭ. ಸಿಬಿ ತುದಿಗೆ ಮೀಟರ್ ಹಿಡಿದು, ಪಾಯಿಂಟ್ ಮುಚ್ಚಿರುವಾಗ ಮುಚ್ಚಳ ತೆಗೆದು, ತಟ್ಟೆಯನ್ನು ವ್ಯಾಕ್ಯೂಮ್ ಎಳೆಯುವ ದಿಕ್ಕಿಗೆ ಬೆರಳಿನಿಂದ ನಿಧಾನವಾಗಿ ತಳ್ಳಿ. ಅಳತೆ ಜಿಗಿದರೆ ದೋಷ ಅಲ್ಲೇ ಇದೆ.

ಕೊನೆಯದಾಗಿ, ಎರಡೂ ತಂತಿಗಳನ್ನು ಬಿಚ್ಚಿ ಹೊಸ ಕಾಯಿಲಿನ ಎಸ್‌ಡಬ್ಲ್ಯೂ ಮತ್ತು ಸಿಬಿ ತುದಿಗಳ ನಡುವಿನ ರೋಧವನ್ನು ಓಮ್‌ಗಳಲ್ಲಿ ಅಳೆದು ತಿಳಿಸಿ. ಮೀಟರಿನ ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದಾಗ ಬರುವ ಅಳತೆಯನ್ನು ಅದರಿಂದ ಕಳೆಯಲು ಮರೆಯಬೇಡಿ. ಇಷ್ಟು ಸಣ್ಣ ರೋಧದಲ್ಲಿ ಅದೂ ಲೆಕ್ಕಕ್ಕೆ ಬರುತ್ತದೆ.

ಮೂರನೆಯ ಉತ್ತರ

ಮೇಲಿನವರ ವಿಧಾನವನ್ನು ಒಪ್ಪುತ್ತೇನೆ, ಆದರೆ ಬಿಸಿಯಾದ ಮೇಲೆ ನಿಲ್ಲುವ ಲಕ್ಷಣವನ್ನು ಓದಿದಾಗ ನಾನು ಮೊದಲು ಅನುಮಾನಿಸುವುದು ಕಂಡೆನ್ಸರನ್ನು. ಹೊಸದಾಗಿ ಹಾಕಿದ ಮಾತ್ರಕ್ಕೆ ಅದು ಒಳ್ಳೆಯದೆಂದು ಭಾವಿಸಬಾರದು. ಪಾಯಿಂಟ್ ತೆರೆಯುವ ಕ್ಷಣದಲ್ಲಿ ಕರೆಂಟ್ ಥಟ್ಟನೆ ಕಡಿದುಹೋದರೆ ಮಾತ್ರ ಕಾಯಿಲಿನಲ್ಲಿ ಸಾವಿರಾರು ವೋಲ್ಟ್ ಹುಟ್ಟುತ್ತದೆ. ಸುಮಾರು 0.2 ಮೈಕ್ರೊಫ್ಯಾರಡ್‌ನ ಆ ಪುಟ್ಟ ಡಬ್ಬಿ ಆ ಕ್ಷಣದ ಕರೆಂಟನ್ನು ತನ್ನೊಳಕ್ಕೆ ಎಳೆದುಕೊಳ್ಳದಿದ್ದರೆ, ಕಿಡಿ ಪ್ಲಗ್ಗಿನಲ್ಲಿ ಹಾರುವ ಬದಲು ಪಾಯಿಂಟಿನಲ್ಲೇ ಹಾರುತ್ತದೆ. ಪರೀಕ್ಷಿಸಲು, ಡಿಸ್ಟ್ರಿಬ್ಯೂಟರಿನೊಳಗಿನ ಕಂಡೆನ್ಸರನ್ನು ಕಳಚಿ, ನೀವು ಬಿಚ್ಚಿಟ್ಟ ಹಳೆಯದನ್ನು ಹೊರಗೆ ಕಾಯಿಲಿನ ಸಿಬಿ ತುದಿಗೂ ಬಾಡಿಗೂ ನಡುವೆ ಜೋಡಿಸಿ ಓಡಿಸಿ ನೋಡಬಹುದು.

ಡಿಸ್ಟ್ರಿಬ್ಯೂಟರಿನೊಳಗೆ ತಿರುಗುತ್ತ ಒಂದೊಂದು ಪ್ಲಗ್ಗಿಗೂ ಕಿಡಿ ದಾಟಿಸುವ ಹೊಸ ರೋಟರನ್ನೂ ನೋಡಿಬಿಡಿ. ಹಿತ್ತಾಳೆಯ ಪಟ್ಟಿಯನ್ನು ರಿವೆಟ್ ಹೊಡೆದು ಕೂರಿಸಿರುವ ಕೆಲವು ರೋಟರ್‌ಗಳಲ್ಲಿ ಕಿಡಿ ಪ್ಲಾಸ್ಟಿಕ್ಕನ್ನು ತೂರಿಕೊಂಡು ಕೆಳಗಿನ ಶಾಫ್ಟಿಗೆ ಇಳಿಯುತ್ತದೆ. ಮುಚ್ಚಳ ತೆಗೆದು, ಕಾಯಿಲಿನ ದಪ್ಪ ತಂತಿಯ ತುದಿಯನ್ನು ಇನ್ಸುಲೇಟೆಡ್ ಇಕ್ಕಳದಲ್ಲಿ ಹಿಡಿದು ಹಿತ್ತಾಳೆಗಿಂತ ಮೂರು ನಾಲ್ಕು ಮಿಲಿಮೀಟರ್ ಮೇಲಿಟ್ಟು, ಕೀಲಿ ಆನ್ ಇರುವಾಗ ಪಾಯಿಂಟನ್ನು ಮರದ ಕಡ್ಡಿಯಿಂದ ತೆರೆಯಿರಿ. ರೋಟರಿಗೆ ಕಿಡಿ ಹಾರಿದರೆ ಅದು ಸೋರುತ್ತಿದೆ, ಹಾರದಿದ್ದರೆ ಅದು ಸರಿಯಾಗಿದೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ಎರಡು ದಿನ ಕುಳಿತು ಎಲ್ಲವನ್ನೂ ಅಳೆದಿದ್ದೇನೆ.

ಎಂಜಿನ್ ನಿಂತ ಕೂಡಲೇ ನೋಡಿದಾಗ ಪ್ಲಗ್ಗಿನಲ್ಲಿ ಬಂದದ್ದು ತೆಳು ಹಳದಿ ಕಿಡಿ, ಅದೂ ಆಗೊಮ್ಮೆ ಈಗೊಮ್ಮೆ. ಪಂಪು ನಾಲ್ಕು ಸಲ ಬಡಿದು ಸುಮ್ಮನಾಯಿತು. ಕಾಯಿಲಿನ ಮೇಲೆ ಕೈಯಿಡಲಾಗಲಿಲ್ಲ. ರೋಟರಿಗೆ ಕಿಡಿ ಹಾರಲಿಲ್ಲ, ಹಳೆಯ ಕಂಡೆನ್ಸರ್ ಹೊರಗೆ ಜೋಡಿಸಿ ಓಡಿಸಿದರೂ ಇಪ್ಪತ್ತನೆಯ ನಿಮಿಷಕ್ಕೆ ನಿಂತಿತು.

ಕಾರು ತಣ್ಣಗಾದ ಮೇಲೆ, ಪಾಯಿಂಟ್ ಮುಚ್ಚಿ ಅಳೆದಾಗ ಬ್ಯಾಟರಿ 12.4, ಎಸ್‌ಡಬ್ಲ್ಯೂ ತುದಿ 10.6, ಸಿಬಿ ತುದಿ 0.4 ವೋಲ್ಟ್. ಹೊಸ ಕಾಯಿಲಿನ ರೋಧ 1.7 ಓಮ್ ಬಂತು, ಕಡ್ಡಿಗಳ 0.2 ಕಳೆದರೆ 1.5. ಬಿಚ್ಚಿಟ್ಟಿದ್ದ ಹಳೆಯ ಕಾಯಿಲ್ ಅದೇ ಮೀಟರಿನಲ್ಲಿ 3.2 ಓಮ್ ತೋರಿಸಿತು. ಹೊಸದಾಗಿ ಹಾಕಿದ್ದ ಪಾಯಿಂಟಿನ ಮೈ ನೀಲಿಗಟ್ಟಿ, ಒಂದು ಬದಿ ಗುಳಿ ಬಿದ್ದಿದೆ.

ತಟ್ಟೆಯನ್ನು ತಳ್ಳಿದಾಗ ಆದದ್ದು ನನಗೆ ಅರ್ಥವಾಗಿಲ್ಲ. ಅರ್ಧ ದೂರ ಹೋಗುವಷ್ಟರಲ್ಲಿ ಸಿಬಿ ತುದಿಯಲ್ಲಿ 0.4 ಇದ್ದದ್ದು ಒಮ್ಮೆಲೇ 12.4ಕ್ಕೆ ಹಾರಿತು. ಅದೇ ಸ್ಥಿತಿಯಲ್ಲಿ ತಟ್ಟೆಯನ್ನು ಹಿಡಿದು ಎಸ್‌ಡಬ್ಲ್ಯೂ ತುದಿ ನೋಡಿದರೆ ಅದೂ 10.6ರಿಂದ 12.4ಕ್ಕೆ ಏರಿತ್ತು. ಕೈ ಬಿಟ್ಟ ಕೂಡಲೇ ಎರಡೂ ಹಿಂದಿನಂತಾದವು.

ಎರಡನೆಯ ಉತ್ತರ ಬರೆದವರಿಂದ

ಇಷ್ಟು ಶ್ರದ್ಧೆಯಿಂದ ಅಳೆದು ಬರೆದದ್ದಕ್ಕೆ ನಿಜವಾಗಿಯೂ ಸಂತೋಷವಾಯಿತು. ನಿಮ್ಮ ಕಾರಿನಲ್ಲಿ ಇರುವುದು ಎರಡು ಬೇರೆ ಬೇರೆ ದೋಷಗಳು. ಒಂದು ನಾಲ್ಕು ತಿಂಗಳ ಹಿಂದಿನದು, ಇನ್ನೊಂದು ಕಾಯಿಲ್ ಬದಲಿಸಿದ ದಿನ ಬಂದದ್ದು.

ತಟ್ಟೆಯನ್ನು ತಳ್ಳಿದಾಗ ದಾರಿ ಡಿಸ್ಟ್ರಿಬ್ಯೂಟರಿನೊಳಗೆ ಕಡಿದುಹೋಯಿತು. ಕಡಿದ ಕೂಡಲೇ ಕರೆಂಟ್ ನಿಂತಿತು, ಕರೆಂಟ್ ನಿಂತದ್ದರಿಂದ ದಾರಿಯಲ್ಲಿ ವೋಲ್ಟೇಜ್ ಬೀಳುವುದೂ ನಿಂತು ಎರಡೂ ತುದಿಗಳು ಬ್ಯಾಟರಿಯ ಮಟ್ಟಕ್ಕೆ ಏರಿದವು. ನೀವು ಮೊದಲು ತಂತಿ ಕಳಚಿ ನೋಡಿದಾಗ 12 ವೋಲ್ಟ್ ಕಂಡದ್ದೂ ಇದೇ ಕಾರಣಕ್ಕೆ. ಪಾಯಿಂಟಿಗೆ ಹೋಗುವ ಒಳತಂತಿಯನ್ನು ಬಿಚ್ಚಿ ಎರಡೂ ತುದಿ ಹಿಡಿದು ಮೆಲ್ಲಗೆ ಎಳೆದು ನೋಡಿ.

ಎರಡನೆಯ ದೋಷ ಕಾಯಿಲ್. ನಿಮ್ಮ ಕಾರಿನ ಮೂಲ ವ್ಯವಸ್ಥೆಗೆ ಸುಮಾರು 3 ಓಮ್‌ನ ಕಾಯಿಲ್ ಬೇಕು. 1.5 ಓಮ್‌ನದು ದಾರಿಯಲ್ಲಿ ಪ್ರತ್ಯೇಕ ಬ್ಯಾಲಸ್ಟ್ ರೆಸಿಸ್ಟರ್ ಇರುವ, ಮುಂದಿನ ಕಾಲದ ಕಾರುಗಳಿಗಾಗಿ ಮಾಡಿದ್ದು. ಅಲ್ಲಿ ಕಾಯಿಲ್ ಮತ್ತು ರೆಸಿಸ್ಟರ್ ಎರಡೂ ಸೇರಿ 3 ಓಮ್ ಆಗುತ್ತವೆ, ಸ್ಟಾರ್ಟ್ ಮಾಡುವಾಗ ಮಾತ್ರ ರೆಸಿಸ್ಟರನ್ನು ಬದಿಗಿಟ್ಟು ಕಾಯಿಲಿಗೆ ನೇರವಾಗಿ ಪೂರ್ತಿ ವೋಲ್ಟೇಜ್ ಕೊಟ್ಟು ಕಿಡಿಯನ್ನು ಬಲಪಡಿಸಲಾಗುತ್ತದೆ. ರೆಸಿಸ್ಟರ್ ಇಲ್ಲದೆ ನೇರವಾಗಿ ಜೋಡಿಸಿದರೆ, ದಾರಿಯಲ್ಲಿ ಬೇರೆ ನಷ್ಟವಿಲ್ಲದಿದ್ದಲ್ಲಿ, 4ರ ಬದಲು 8 ಆಂಪಿಯರ್ ಹರಿಯುತ್ತದೆ. ಕಾಯಿಲಿನೊಳಗಿನ ಶಾಖ 24 ವ್ಯಾಟ್ ಇರಬೇಕಾದಲ್ಲಿ 96 ವ್ಯಾಟ್, ಅಂದರೆ ನಾಲ್ಕು ಪಟ್ಟು. ಅಷ್ಟು ಬಿಸಿಯಲ್ಲಿ ಒಳಗಿನ ಇನ್ಸುಲೇಷನ್ ಸೋತು ಕಿಡಿ ಹೊರಗೆ ಬರುವ ಮೊದಲೇ ಸುರುಳಿಗಳ ನಡುವೆ ಸೋರಿಹೋಗುತ್ತದೆ, ತಣ್ಣಗಾದರೆ ಮತ್ತೆ ಎದ್ದು ನಿಲ್ಲುತ್ತದೆ. ಪಾಯಿಂಟ್ ನೀಲಿಗಟ್ಟಿದ್ದೂ ಆ ಕರೆಂಟಿನಿಂದಲೇ. ನಿಮ್ಮ ಹಳೆಯ ಕಾಯಿಲ್‌ನ 3.2 ಓಮ್ ಸರಿಯಾಗಿದೆ, ಅದನ್ನೇ ಮತ್ತೆ ಹಾಕಿ ನೋಡಿ. ಮುಂದೆಂದಾದರೂ ಪ್ಲಸ್, ಮೈನಸ್ ಎಂದು ಗುರುತಿರುವ ಕಾಯಿಲ್ ಹಾಕಿದರೆ ಪಾಸಿಟಿವ್ ಅರ್ತ್ ಕಾರಿನಲ್ಲಿ ಪ್ಲಸ್ ತುದಿ ಡಿಸ್ಟ್ರಿಬ್ಯೂಟರಿಗೆ, ಮೈನಸ್ ತುದಿ ಸ್ವಿಚ್ಚಿಗೆ ಹೋಗಬೇಕು.

ಇನ್ನು 12.4ರಿಂದ 10.6ಕ್ಕೆ ಇಳಿದ 1.8 ವೋಲ್ಟ್. ಕರೆಂಟ್ ಹೆಚ್ಚಿದ್ದರಿಂದ ಅದು ದೊಡ್ಡದಾಗಿ ಕಂಡಿದೆಯಾದರೂ ದಾರಿಯಲ್ಲಿ ಕಾಲು ಓಮ್‌ನಷ್ಟು ರೋಧವಿದೆ. ಮೀಟರಿನ ಒಂದು ಕಡ್ಡಿಯನ್ನು ಒಂದು ಜೋಡಣೆಯ ಈಚೆಗೂ ಇನ್ನೊಂದನ್ನು ಆಚೆಗೂ ಇಟ್ಟು, ಬ್ಯಾಟರಿಯಿಂದ ಕಾಯಿಲಿನವರೆಗೆ ಒಂದೊಂದೇ ತುಂಡನ್ನು ಅಳೆಯುತ್ತ ಬನ್ನಿ. ನಿಮ್ಮ ಕೆಂಪು ದೀಪ ಇಗ್ನಿಷನ್ ಸ್ವಿಚ್ಚಿನಿಂದ ಹೊರಬರುವ ತಂತಿಗೂ ಡೈನಮೊಗೂ ನಡುವೆ ಇದೆ, ಎರಡೂ ಬದಿಯ ವೋಲ್ಟೇಜ್ ಸಮವಾದರೆ ಮಾತ್ರ ಅದು ಆರುತ್ತದೆ. ಸ್ವಿಚ್ಚಿನಲ್ಲಿ ವೋಲ್ಟೇಜ್ ಬೀಳುತ್ತಿದ್ದರೆ ಮಂಕಾಗಿ ಉರಿಯುತ್ತಲೇ ಇರುತ್ತದೆ, ವೈಪರ್ ಹಾಕಿ ಅದೇ ಸ್ವಿಚ್ಚಿನ ಮೇಲೆ ಇನ್ನಷ್ಟು ಹೊರೆ ಬಿದ್ದರೆ ಹೆಚ್ಚು ಕೆಂಪಾಗುತ್ತದೆ. ಆದ್ದರಿಂದ ಅಳತೆ ಸ್ವಿಚ್ಚಿನಿಂದಲೇ ಶುರುವಾಗಲಿ.

ಪ್ರಶ್ನೆ ಕೇಳಿದವರಿಂದ

ಒಳತಂತಿಯನ್ನು ಬಿಚ್ಚಿ ಎಳೆದಾಗ ಅದು ರಬ್ಬರಿನಂತೆ ಉದ್ದವಾಯಿತು. ಬಟ್ಟೆಯ ಹೊದಿಕೆಯ ಮೇಲೆ ಒಂದು ಗೀರೂ ಇರಲಿಲ್ಲ. ಬ್ಲೇಡಿನಿಂದ ಸೀಳಿ ನೋಡಿದರೆ ತಾಮ್ರದ ಎಳೆಗಳೆಲ್ಲ ಒಂದೇ ಜಾಗದಲ್ಲಿ ತುಂಡಾಗಿ, ತುದಿಗಳು ಕಪ್ಪಾಗಿ, ಹೊದಿಕೆಯ ಬಿಗಿತದಿಂದ ಮಾತ್ರ ಒಂದಕ್ಕೊಂದು ತಾಗಿಕೊಂಡಿದ್ದವು. ಹೊಸ ಕಾಯಿಲನ್ನು ಕ್ಲಾಂಪಿನಿಂದ ಬಿಚ್ಚಿದಾಗ, ಕ್ಲಾಂಪು ಮುಚ್ಚಿದ್ದ ಜಾಗದಲ್ಲೇ ಸಣ್ಣ ಅಕ್ಷರಗಳಲ್ಲಿ, ಹೊರಗಿನ ರೆಸಿಸ್ಟರಿನೊಂದಿಗೆ ಬಳಸಬೇಕೆಂದು ಅಚ್ಚು ಹಾಕಿತ್ತು.

ಕಾಯಿಲ್ ಬಿಚ್ಚುವ ಮೊದಲೇ ದಾರಿಯನ್ನೂ ಅಳೆದಿದ್ದೆ. ಬ್ಯಾಟರಿಯಿಂದ ಸ್ವಿಚ್ಚಿನವರೆಗೆ 0.2, ಸ್ವಿಚ್ಚಿನ ಎರಡು ತುದಿಗಳ ನಡುವೆ 1.1, ಅಲ್ಲಿಂದ ಫ್ಯೂಸ್ ಪೆಟ್ಟಿಗೆ ದಾಟಿ ಕಾಯಿಲಿನವರೆಗೆ 0.5 ವೋಲ್ಟ್. ಬ್ಯಾಟರಿಯ ತಂತಿ ಕಳಚಿಟ್ಟು, ಸ್ವಿಚ್ಚಿನ ಹಿಂದಿನ ತಿರುಪುಗಳನ್ನು ಬಿಚ್ಚಿ ಹಸಿರುಗಟ್ಟಿದ್ದ ತುದಿಗಳನ್ನು ಹೊಳೆಯುವವರೆಗೆ ಉಜ್ಜಿ ಬಿಗಿಗೊಳಿಸಿದೆ, ಫ್ಯೂಸ್ ಪೆಟ್ಟಿಗೆಯಲ್ಲೂ ಹಾಗೆಯೇ ಮಾಡಿದೆ. ಹಳೆಯ ಕಾಯಿಲ್ ಹಾಕಿ ಮತ್ತೆ ಅಳೆದಾಗ ಬ್ಯಾಟರಿ 12.4, ಎಸ್‌ಡಬ್ಲ್ಯೂ ತುದಿ 12.0. ಒಳತಂತಿಯ ಜಾಗಕ್ಕೆ ಮನೆಯಲ್ಲಿದ್ದ ಸಾಮಾನ್ಯ ವೈರಿನ ತುಂಡನ್ನು ಹಾಕಬಹುದೇ?

ಮೂರನೆಯ ಉತ್ತರ ಬರೆದವರಿಂದ

ಕಂಡೆನ್ಸರಿನ ವಿಷಯದಲ್ಲಿ ನನ್ನ ಊಹೆ ತಪ್ಪಾಗಿತ್ತು, ಅಳತೆ ಸರಿಯಾಗಿಯೇ ದಾರಿ ತೋರಿಸಿದೆ.

ಸಾಮಾನ್ಯ ವೈರ್ ಹಾಕಬೇಡಿ. ಅದರ ಎಳೆಗಳು ದಪ್ಪ, ಹೊದಿಕೆ ಬಿರುಸು. ತಟ್ಟೆ ತಿರುಗುವುದನ್ನೇ ತಡೆಯುತ್ತದೆ, ಇಲ್ಲವೇ ಬೇಗ ಮುರಿಯುತ್ತದೆ. ಕೂದಲೆಳೆಯಂಥ ಬಹಳಷ್ಟು ಎಳೆಗಳಿರುವ ಮೆತ್ತನೆಯ ತಂತಿಯೇ ಬೇಕು, ಈ ಡಿಸ್ಟ್ರಿಬ್ಯೂಟರಿಗೆಂದೇ ಮಾಡಿದ್ದು ಸಿಗುತ್ತದೆ. ತಟ್ಟೆಯ ಅರ್ತ್ ತಂತಿಯನ್ನೂ ಜೊತೆಗೇ ಬದಲಿಸಿ, ಅದರ ವಯಸ್ಸೂ ಅಷ್ಟೇ. ತಟ್ಟೆ ಪೂರ್ತಿ ತಿರುಗಿದಾಗಲೂ ಎರಡೂ ತಂತಿಗಳು ಸಡಿಲವಾಗಿ ಇರಬೇಕು, ಆದರೆ ಶಾಫ್ಟಿಗೆ ತಾಗಬಾರದು.

ಸುಟ್ಟ ಪಾಯಿಂಟನ್ನು ಅರದಿಂದ ಉಜ್ಜಿ ಉಳಿಸಿಕೊಳ್ಳುವ ಪ್ರಯತ್ನ ಬೇಡ. ಹೊಸದನ್ನು ಹಾಕಿ, ಅದರ ಮೈಗೆ ಅಂಟಿರುವ ಎಣ್ಣೆಯನ್ನು ಒರೆಸಿ, ಡಿಸ್ಟ್ರಿಬ್ಯೂಟರ್ ಶಾಫ್ಟಿನ ಕ್ಯಾಮ್‌ನ ಉಬ್ಬು ಪಾಯಿಂಟನ್ನು ಅತಿ ಹೆಚ್ಚು ತೆರೆದಿರುವಲ್ಲಿ 0.015 ಅಂಗುಲ, ಅಂದರೆ 0.38 ಮಿಲಿಮೀಟರ್ ಅಂತರ ಕೊಡಿ. ಕ್ಯಾಮ್ ಮೇಲೆ ಗ್ರೀಸಿನ ತೆಳು ಲೇಪ ಸಾಕು. ಟೈಮಿಂಗ್ ಹೊಂದಿಸುವುದು ಇದರ ನಂತರವೇ, ಏಕೆಂದರೆ ಅಂತರ ಬದಲಾದರೆ ಟೈಮಿಂಗ್ ಕೂಡ ಬದಲಾಗುತ್ತದೆ.

ಪ್ರಶ್ನೆ ಕೇಳಿದವರಿಂದ

ಎರಡೂ ತಂತಿಗಳನ್ನೂ ಪಾಯಿಂಟನ್ನೂ ಹಾಕಿ, ಟೈಮಿಂಗ್ ಹೊಂದಿಸಿ ನಿನ್ನೆ ಎರಡು ಗಂಟೆ ನಿಲ್ಲಿಸದೆ ಓಡಿಸಿದೆ. ಮೊದಲು ಎಲ್ಲಿ ಜಗ್ಗುತ್ತಿತ್ತೋ ಅದೇ ಸಮತಟ್ಟಾದ ರಸ್ತೆಯಲ್ಲಿ ಅದೇ ವೇಗದಲ್ಲಿ ಬೇಕೆಂದೇ ಹೋದೆ, ಎಂಜಿನ್ ಒಮ್ಮೆಯೂ ತಡವರಿಸಲಿಲ್ಲ. ನಿಲ್ಲಿಸಿದ ಕೂಡಲೇ ಕಾಯಿಲ್ ಮುಟ್ಟಿದೆ, ಬೆಚ್ಚಗಿದ್ದರೂ ಕೈ ಇಟ್ಟುಕೊಂಡಿರಬಹುದು. ಕತ್ತಲಾದ ಮೇಲೆ ವೈಪರ್ ಹಾಕಿ ನೋಡಿದರೂ ಕೆಂಪು ದೀಪ ಪೂರ್ತಿ ಆರಿದೆ. ಸಿಬಿ ತುದಿಯಲ್ಲಿ ಈಗ 0.1 ವೋಲ್ಟ್, ತಟ್ಟೆಯನ್ನು ತಳ್ಳಿದರೂ ಕದಲುವುದಿಲ್ಲ.

ಎರಡನೆಯ ಉತ್ತರ ಬರೆದವರಿಂದ

ತುಂಬ ಸಂತೋಷ. ಈ ಅಳತೆಗಳನ್ನೆಲ್ಲ ತಾರೀಖಿನೊಂದಿಗೆ ಕಾರಿನ ಪುಸ್ತಕದಲ್ಲಿ ಬರೆದಿಡಿ, ಮುಂದಿನ ಸಲ ಹೋಲಿಸಿ ನೋಡಲು ನಿಮ್ಮದೇ ಕಾರಿನ ಆರೋಗ್ಯವಂತ ಅಂಕಿಗಳು ಕೈಯಲ್ಲಿರುತ್ತವೆ. ಹೊಸ ಪಾಯಿಂಟಿನ ಹಿಮ್ಮಡಿ ಕ್ಯಾಮ್ ಮೇಲೆ ಉಜ್ಜಿ ಹೊಂದಿಕೊಳ್ಳುವಾಗ ಸ್ವಲ್ಪ ಸವೆದು ಅಂತರ ಕಡಿಮೆಯಾಗುತ್ತದೆ. ಆದ್ದರಿಂದ ಕೆಲವು ನೂರು ಮೈಲಿ ಓಡಿದ ಮೇಲೆ ಫೀಲರ್ ಗೇಜ್ (ಅಂತರ ಅಳೆಯುವ ತೆಳು ಪಟ್ಟಿ) ಹಾಕಿ 0.015 ಅಂಗುಲವನ್ನು ಮತ್ತೊಮ್ಮೆ ಸರಿಮಾಡಿ, ಟೈಮಿಂಗನ್ನೂ ಆಗಲೇ ನೋಡಿಬಿಡಿ.